ತಪ್ಪು ಮನುಷ್ಯನನ್ನು ಹಿಡಿದು ತಂದ ದಿನ

ಪೊಲೀಸ್ ಇಲಾಖೆಯಲ್ಲಿದ್ದಷ್ಟು ಕಾಲ ನಾನು ಲಾಠಿಗಿಂತ ಹೆಚ್ಚು ಹಿಡಿದದ್ದು ಪೆನ್ನು. ಶಿವಮೊಗ್ಗ ಜಿಲ್ಲೆಯ ಘಟ್ಟದಂಚಿನ ಠಾಣೆಯೊಂದರಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿದ್ದೆ, ರೈಟರ್ ಕೆಲಸ. ಯಾರನ್ನು ಎಷ್ಟು ಹೊತ್ತಿಗೆ ತಂದರು, ಯಾವಾಗ ಬಿಟ್ಟರು ಎಂಬುದೆಲ್ಲ ಸ್ಟೇಷನ್ ಡೈರಿಗೆ ಇಳಿಯುವುದು ರೈಟರ್ ಕೈಯಿಂದಲೇ. ಹಾಗಾಗಿ ಪೊಲೀಸರು ಮಾಡಿದ್ದು ಅಧಿಕಾರದ ದರ್ಪವೋ ಬರೀ ಕೈತಪ್ಪೋ ಎಂಬ ಚರ್ಚೆ ಎದ್ದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಲಾಕಪ್ ಅಲ್ಲ, ಆ ಡೈರಿ.

2003ರ ಆರಿದ್ರಾ ಮಳೆ. ಚೆಕ್ ಬೌನ್ಸ್ ಪ್ರಕರಣದಲ್ಲಿ ನ್ಯಾಯಾಲಯಕ್ಕೆ ಹಾಜರಾಗದೆ ತಲೆ ತಪ್ಪಿಸಿಕೊಂಡವನ ಮೇಲೆ ಜಾಮೀನುರಹಿತ ವಾರಂಟ್ ಬಂದಿತ್ತು. ಬೆಳಿಗ್ಗೆ ಎಂಟಕ್ಕೆ ಇಬ್ಬರು ಕಾನ್‌ಸ್ಟೆಬಲ್‌ಗಳು ಒಬ್ಬನನ್ನು ಜೀಪಿನಲ್ಲಿ ಕರೆತಂದರು. ಹೆಸರು ಸರಿ, ತಂದೆಯ ಹೆಸರು ಸರಿ, ಊರಿನ ಹೆಸರೂ ಸರಿ. ಮಲೆನಾಡಿನಲ್ಲಿ ಒಂದೇ ಹೆಸರಿನ ಊರುಗಳು ಎಷ್ಟಿವೆ ಎಂಬುದು ಹುಟ್ಟಿದ್ದೇ ಇಲ್ಲಾದ ನನಗೂ ಹೊಳೆಯಲಿಲ್ಲ. “ನಾನಲ್ಲ ಸ್ವಾಮಿ, ಚೆಕ್ಕಿನ ಮುಖವನ್ನೇ ನೋಡಿದವನಲ್ಲ” ಎಂದ. ಠಾಣೆಗೆ ಬಂದವರೆಲ್ಲ ಹೇಳುವ ಮಾತು. ನಮ್ಮ ಕಿವಿ ಜಡ್ಡುಗಟ್ಟಿತ್ತು. ಬೆಂಚಿನ ಮೇಲೆ ಕೂರಿಸಿದೆವು. ಕೇಳಿದರೆ ವಾರಂಟನ್ನು ತೋರಿಸಬೇಕು ಎಂದು ಕಾನೂನು ಹೇಳುತ್ತದೆ. ಅವನು ಕೇಳಿದ. ಯಾರೂ ತೋರಿಸಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಅವನ ಹೆಂಡತಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ರೇಷನ್ ಕಾರ್ಡ್ ಸುತ್ತಿಕೊಂಡು, ನೆನೆದು ತೊಪ್ಪೆಯಾಗಿ ಬಂದರು. ಆಗ ವಾರಂಟನ್ನು ಸರಿಯಾಗಿ ಓದಿದೆ. ಅದರಲ್ಲಿದ್ದ ವಯಸ್ಸು 34. ಬೆಂಚಿನ ಮೇಲಿದ್ದವನಿಗೆ ಐವತ್ತು ದಾಟಿತ್ತು, ತಲೆ ಪೂರ್ತಿ ಬೆಳ್ಳಗೆ.

ಇಂಥದ್ದೇ ಸಂಗತಿ 1860ರ ಭಾರತೀಯ ದಂಡ ಸಂಹಿತೆಯ 76ನೆಯ ಕಲಮಿನಲ್ಲಿ ಉದಾಹರಣೆಯಾಗಿ ಇತ್ತು. ನ್ಯಾಯಾಲಯ ಒಬ್ಬನನ್ನು ಹಿಡಿಯಲು ಹೇಳುತ್ತದೆ, ಅಧಿಕಾರಿ ತಕ್ಕ ವಿಚಾರಣೆ ಮಾಡಿ, ಇವನೇ ಅವನೆಂದು ನಂಬಿ ಇನ್ನೊಬ್ಬನನ್ನು ಹಿಡಿಯುತ್ತಾನೆ, ಅದು ಅಪರಾಧವಲ್ಲ. ಈಗ ಇದು ಭಾರತೀಯ ನ್ಯಾಯ ಸಂಹಿತೆಯ 14ನೆಯ ಕಲಮಿಗೆ ಬಂದು ಕೂತಿದೆ. ಇಲಾಖೆಯಲ್ಲಿ ಈ ಉದಾಹರಣೆಯನ್ನು ಹೇಳುವವರು ‘ತಕ್ಕ ವಿಚಾರಣೆ ಮಾಡಿ’ ಎಂಬ ಮೂರು ಪದಗಳನ್ನು ನುಂಗಿಕೊಂಡು ಹೇಳುತ್ತಾರೆ. ನಾವು ಮಾಡಿದ ವಿಚಾರಣೆ ಎಂದರೆ ಹೆಸರು ಕೂಗಿದ್ದು, ಅವನು ಓಗೊಟ್ಟದ್ದು, ಅಷ್ಟೇ.

ಪಿಎಸ್‌ಐ ಬಂದವರೇ ಕೇಳಿದ್ದು ಒಂದೇ ಪ್ರಶ್ನೆ. “ರೈಟರೇ, ಡೈರಿಯಲ್ಲಿ ಬರೆದಿದ್ದೀರಾ?”

“ಇಲ್ಲ ಸರ್.”

“ಒಳ್ಳೆಯದಾಯಿತು. ಟೀ ಕುಡಿಸಿ ಕಳುಹಿಸಿ.”

ಅವರು ಕೆಟ್ಟವರಲ್ಲ. ಟೀ ಎಂದದ್ದೂ ಮನಸ್ಸಿನಿಂದಲೇ. ಎಂಟು ಗಂಟೆಗೆ ತಂದವನ ಹೆಸರು ನಾಲ್ಕು ಗಂಟೆಯವರೆಗೂ ಡೈರಿಗೆ ಏಕೆ ಬಂದಿರಲಿಲ್ಲ ಎಂದು ಓದುವವರು ಕೇಳಬಹುದು. ಅದೇ ರೂಢಿ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಗಡಿಯಾರ ಎಲ್ಲಿಂದ ಶುರುವಾಗಬೇಕು ಎಂಬುದನ್ನು ರೈಟರ್ ಪೆನ್ನು ಹೇಳುತ್ತಿತ್ತು. ಅದಕ್ಕೂ ಕೆಲವು ವರ್ಷ ಮೊದಲು ಅಡಿಕೆ ಕಳವಿನ ಅನುಮಾನದ ಮೇಲೆ ತಂದ ಹುಡುಗನೊಬ್ಬನನ್ನು ಎರಡು ದಿನ ಇಟ್ಟುಕೊಂಡು, ಮೂರನೆಯ ದಿನ ‘ಸಂಜೆ 6 ಗಂಟೆಗೆ ಬಸ್ ನಿಲ್ದಾಣದ ಬಳಿ ದಸ್ತಗಿರಿ’ ಎಂದು ಬರೆದವನು ನಾನೇ. ದುಂಡಗಿನ ಅಕ್ಷರ, ಒಂದು ಚಿತ್ತೂ ಇಲ್ಲ. ಅದನ್ನು ಕೈತಪ್ಪು ಎಂದು ನಾನು ಹೇಳಲಾರೆ. ಬಂಧನದ ಸಮಯವನ್ನು ಬರೆದು ಸಾಕ್ಷಿಯ ಸಹಿ ಪಡೆಯಬೇಕು, ಮನೆಯವರಿಗೆ ತಿಳಿಸಬೇಕು ಎಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ವಿಧಿಸಿದ್ದ ಹನ್ನೊಂದು ಸೂಚನೆಗಳ ಫಲಕ ನಮ್ಮ ಠಾಣೆಯಲ್ಲೂ ಇತ್ತು, ನನ್ನ ಕುರ್ಚಿಯ ಹಿಂದಿನ ಗೋಡೆಯಲ್ಲಿ. ಬಂದವರಿಗೆ ಕಾಣುತ್ತಿತ್ತು, ನಾನು ಅದಕ್ಕೆ ಬೆನ್ನು ಕೊಟ್ಟು ಬರೆಯುತ್ತಿದ್ದೆ.

ಆ ದಿನ ಬರೆದದ್ದು ಧೈರ್ಯದಿಂದ ಎಂದರೆ ಸುಳ್ಳಾಗುತ್ತದೆ. ಟೀ ಲೋಟವನ್ನು ಮುಟ್ಟದೆ ಆ ಹೆಂಗಸು ಹೇಳಿದರು: “ಜೀಪಿಗೆ ಹತ್ತಿಸಿದ್ದನ್ನು ಊರೆಲ್ಲ ನೋಡಿದೆ ಅಣ್ಣಾ. ಇವರು ಏನೂ ಮಾಡಿಲ್ಲ ಎಂದು ಒಂದು ಕಾಗದ ಕೊಡಿ.” ಕಾಗದ ಕೊಡಬೇಕಾದರೆ ಡೈರಿಯಲ್ಲಿ ನಮೂದು ಇರಬೇಕು. ಪಿಎಸ್‌ಐ ನನ್ನ ಮುಖ ನೋಡಿದರು. “ಬರೆಯುತ್ತೇನೆ ಸರ್” ಎಂದೆ. ತುಸು ಹೊತ್ತು ಕಿಟಕಿಯಾಚೆ ಮಳೆ ನೋಡಿ, “ಬರೆಯಿರಿ, ನನ್ನ ಹೆಸರನ್ನೂ ಸೇರಿಸಿ” ಎಂದರು.

ಬೆಳಿಗ್ಗೆ ಎಂಟಕ್ಕೆ ತಂದದ್ದು, ವಯಸ್ಸು ತಾಳೆ ನೋಡದಿದ್ದದ್ದು, ವಾರಂಟ್ ತೋರಿಸದಿದ್ದದ್ದು, 4.40ಕ್ಕೆ ಬಿಟ್ಟದ್ದು, ಪರಿಶೀಲಿಸದೆ ಕೂರಿಸಿದವರಲ್ಲಿ ನಾನೂ ಒಬ್ಬ ಎಂಬುದು, ಎಲ್ಲ ಬರೆದು ಗಂಡ ಹೆಂಡತಿ ಇಬ್ಬರಿಗೂ ಓದಿ ಹೇಳಿ ಸಹಿ ಪಡೆದೆ. ನ್ಯಾಯಾಲಯಕ್ಕೂ ವರದಿ ಹೋಯಿತು. ಆಮೇಲೆ ಕಾರಣ ಕೇಳಿ ನೋಟಿಸು, ವಿಚಾರಣೆ. ಆ ಇಬ್ಬರು ಕಾನ್‌ಸ್ಟೆಬಲ್‌ಗಳದ್ದೂ ನನ್ನದೂ ಒಂದು ವಾರ್ಷಿಕ ವೇತನ ಬಡ್ತಿ ನಿಂತಿತು. ಪಿಎಸ್‌ಐಗೆ ಎಚ್ಚರಿಕೆ. ಶಿಕ್ಷೆ ಕೆಳಕ್ಕೆ ಹರಿಯುವುದು ನಮ್ಮಲ್ಲಿ ಹೊಸದೇನಲ್ಲ. ಸಹೋದ್ಯೋಗಿಗಳು ನನ್ನನ್ನು ‘ಹರಿಶ್ಚಂದ್ರ’ ಎಂದು ಕರೆಯತೊಡಗಿದರು, ಮೆಚ್ಚಿ ಅಲ್ಲ.

ಕರ್ನಾಟಕ ಪೊಲೀಸ್ ಕಾಯ್ದೆಯ 170ನೆಯ ಕಲಮು ನಮಗೊಂದು ಗುರಾಣಿ. ಕರ್ತವ್ಯಕ್ಕೆ ಸಂಬಂಧಪಟ್ಟ ಕೃತ್ಯದಲ್ಲಿ ಮಿತಿ ಮೀರಿದ್ದರೂ ಮೊಕದ್ದಮೆಗೆ ಸರ್ಕಾರದ ಅನುಮತಿ ಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ರಾಜ್ಯದ್ದೇ ಪ್ರಕರಣವೊಂದರಲ್ಲಿ ಹೇಳಿದೆ. ಗುರಾಣಿ ಬೇಡ ಎನ್ನುವವನಲ್ಲ ನಾನು. ಕತ್ತಲಲ್ಲಿ, ಮಳೆಯಲ್ಲಿ, ಅರೆಬರೆ ಮಾಹಿತಿಯಲ್ಲಿ ಕೆಲಸ ಮಾಡಿದವರಿಗೆ ಅದರ ಬೆಲೆ ಗೊತ್ತು. ಆದರೆ ಫ್ಯಾನಿನ ಕೆಳಗೆ ಕೂತು ಸಮಯ ತಿದ್ದಿದವನೂ ಅದರ ಹಿಂದೆ ಅಡಗಿದರೆ ನನಗೆ ಸಿಟ್ಟು ಬರುತ್ತದೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಪ್ರತಿ ಠಾಣೆಗೂ ಸಿಸಿಟಿವಿ ಹಾಕಬೇಕೆಂದು ಅದೇ ನ್ಯಾಯಾಲಯ ಆದೇಶಿಸಿತು. ನನ್ನ ‘ಸಂಜೆ 6’ ಕ್ಯಾಮೆರಾದ ಮುಂದೆ ಒಂದು ದಿನವೂ ನಿಲ್ಲುತ್ತಿರಲಿಲ್ಲ.

ಕಾಗದ ಕೊಟ್ಟ ಮರುದಿನ ಬೀಟ್ ಕಾನ್‌ಸ್ಟೆಬಲ್ ಆ ಊರಿಗೆ ಹೋಗಿ, ಹಾಲು ಹಾಕಲು ಬಂದವರ ಎದುರು ತಪ್ಪು ನಮ್ಮದೇ ಎಂದು ಹೇಳಿ ಬಂದ. ಯಾರೂ ಏನೂ ಅನ್ನಲಿಲ್ಲವಂತೆ. ಆ ಮನುಷ್ಯ ಮಾತ್ರ ಕಾಗದವನ್ನು ಜೇಬಿನಿಂದ ತೆಗೆದು, ಮಳೆಗೆ ಒದ್ದೆಯಾಗದಂತೆ ಮತ್ತೆ ಅದೇ ಪ್ಲಾಸ್ಟಿಕ್ ಕೊಟ್ಟೆಯೊಳಗೆ, ರೇಷನ್ ಕಾರ್ಡಿನ ಜೊತೆ ಇಟ್ಟನಂತೆ.