ಕೆನಡಾದ ಬದುಕಿಗೆ ತಯಾರಿ ಕಲಬುರಗಿಯಲ್ಲೇ ನಡೆಯಲಿ

ಎಲ್ಲರೂ ಪಿಆರ್ ಎಂದು ಕರೆಯುವ ಕೆನಡಾದ ಕಾಯಂ ನಿವಾಸದ ಅನುಮತಿ ಕೈಸೇರಿದ ಕೂಡಲೇ ನಮ್ಮ ಕಡೆಯ ಮನೆಗಳಲ್ಲಿ ಸೂಟ್‌ಕೇಸ್ ಖರೀದಿಯೂ ಶೇಂಗಾ ಹಿಂಡಿ ಕುಟ್ಟುವ ಗಡಿಬಿಡಿಯೂ ಶುರುವಾಗುತ್ತವೆ. ಆದರೆ ಅಲ್ಲಿಗೆ ಹೋದವರನ್ನು ಮೊದಲ ವರ್ಷ ಕಾಡುವ ತೊಡಕುಗಳಲ್ಲಿ ಅನೇಕವು ಟೊರಾಂಟೊದಲ್ಲಿ ಹುಟ್ಟಿದವಲ್ಲ. ಅವು ಇಲ್ಲಿಯ ವಿಶ್ವವಿದ್ಯಾಲಯದಲ್ಲಿ, ಆರ್‌ಟಿಒದಲ್ಲಿ, ಬ್ಯಾಂಕಿನಲ್ಲಿ ಎರಡು ಮೂರು ಸಲ ಓಡಾಡಿದ್ದರೆ ಮುಗಿಯುತ್ತಿದ್ದ ಕೆಲಸಗಳು. ಆದ್ದರಿಂದ ಹೊರಡುವ ಮುನ್ನ ಕನಿಷ್ಠ ಎರಡು ತಿಂಗಳನ್ನು ಕಾಗದಪತ್ರಗಳಿಗಾಗಿಯೇ ಮೀಸಲಿಡುವುದು ಒಳ್ಳೆಯದು.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ಪಿಆರ್ ಎಂದರೆ ಪೌರತ್ವವಲ್ಲ. ಪಿಆರ್ ಪಡೆದವರು ಭಾರತದ ಪ್ರಜೆಯಾಗಿಯೇ, ಭಾರತದ ಪಾಸ್‌ಪೋರ್ಟ್ ಮೇಲೆಯೇ ಇರುತ್ತಾರೆ. ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿನ ಪ್ರಶ್ನೆ ಬರುವುದು ಮುಂದೆ ಅಲ್ಲಿಯ ಪೌರತ್ವ ಪಡೆದಾಗ ಮಾತ್ರ.

ಹೆಸರು, ಅಂಕಪಟ್ಟಿ, ಲೈಸೆನ್ಸ್

ಮೊದಲ ಹೆಜ್ಜೆಯಾಗಿ ಮನೆಯ ಪ್ರತಿಯೊಬ್ಬರ ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಮತ್ತು ಜನನ ಪ್ರಮಾಣಪತ್ರಗಳನ್ನು ಒಟ್ಟಿಗೆ ಹರಡಿಕೊಂಡು ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು. ಪಾಟೀಲ ಎಂಬ ಅಡ್ಡಹೆಸರನ್ನು ಇಂಗ್ಲಿಷಿನಲ್ಲಿ ಒಂದು ದಾಖಲೆ ಒಂದೇ ‘ಐ’ ಹಾಕಿ ಬರೆದಿದ್ದರೆ ಇನ್ನೊಂದು ಎರಡು ‘ಇ’ ಹಾಕಿ ಬರೆದಿರುತ್ತದೆ. ತಂದೆಯ ಹೆಸರು ಒಂದರಲ್ಲಿ ಪೂರ್ತಿಯಾಗಿದ್ದರೆ ಮತ್ತೊಂದರಲ್ಲಿ ಒಂದೇ ಅಕ್ಷರಕ್ಕೆ ಇಳಿದಿರುತ್ತದೆ. ಇಂಥ ವ್ಯತ್ಯಾಸವಿದ್ದರೆ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ಟನ್ನು ನೋಟರಿಯ ಮುಂದೆ ಇಂಗ್ಲಿಷಿನಲ್ಲೇ ಮಾಡಿಸಿಕೊಂಡು ಹೋಗಬೇಕು. ಊರಿನ ಹೆಸರಿನದೂ ಇದೇ ಕಥೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಹಳೆಯ ಹೆಸರೇ ಇದೆ. ಇದನ್ನು ತಿದ್ದಿಸಲು ಅಲೆಯಬೇಕಾಗಿಲ್ಲ, ಆದರೆ ಯಾವ ಅರ್ಜಿ ತುಂಬಿದರೂ ಹುಟ್ಟಿದ ಊರನ್ನು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಬೇಕು. ಕನ್ನಡ, ಉರ್ದು ಅಥವಾ ಮರಾಠಿಯಲ್ಲಿರುವ ದಾಖಲೆಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ದೃಢೀಕರಿಸಿಕೊಳ್ಳುವುದೂ ಈ ಹಂತದಲ್ಲೇ ಆಗಬೇಕು.

ಇಲ್ಲಿಯ ಪದವಿ ಅಲ್ಲಿಯ ಯಾವ ಪದವಿಗೆ ಸಮ ಎಂದು ತಿಳಿಯಲು ಪಿಆರ್ ಅರ್ಜಿಗಾಗಿ ಮಾಡಿಸಿದ ಮೌಲ್ಯಮಾಪನವೇ ಉದ್ಯೋಗಕ್ಕೂ ಸಾಕಾಗುತ್ತದೆ ಎಂದು ಅನೇಕರು ನಂಬಿರುತ್ತಾರೆ. ಅದು ತಪ್ಪು. ನರ್ಸ್, ವೈದ್ಯ, ಎಂಜಿನಿಯರ್, ಶಾಲಾ ಶಿಕ್ಷಕ ಮುಂತಾದ ವೃತ್ತಿಗಳಿಗೆ ಆಯಾ ಪ್ರಾಂತ್ಯದ ನಿಯಂತ್ರಣ ಸಂಸ್ಥೆಯ ಪರವಾನಗಿ ಬೇರೆಯೇ ಬೇಕು, ಮತ್ತು ಆ ಸಂಸ್ಥೆಗಳು ಅಂಕಗಳ ಟ್ರಾನ್ಸ್‌ಕ್ರಿಪ್ಟನ್ನು ಸಾಮಾನ್ಯವಾಗಿ ವಿಶ್ವವಿದ್ಯಾಲಯದಿಂದಲೇ ನೇರವಾಗಿ ತರಿಸಿಕೊಳ್ಳುತ್ತವೆ. ಓದಿದ ಕಾಲೇಜು ಬೀದರಿನಲ್ಲೋ ಭಾಲ್ಕಿಯಲ್ಲೋ ಇದ್ದರೂ ಟ್ರಾನ್ಸ್‌ಕ್ರಿಪ್ಟ್ ಕೊಡಬೇಕಾದದ್ದು ಪದವಿ ನೀಡಿದ ವಿಶ್ವವಿದ್ಯಾಲಯ. ಇಲ್ಲಿರುವಾಗಲೇ ಮೊಹರು ಹಾಕಿದ ಲಕೋಟೆಯಲ್ಲಿ ಎರಡು ಹೆಚ್ಚುವರಿ ಪ್ರತಿಗಳನ್ನು ಪಡೆದು, ಒಡೆಯದೆ ಇಟ್ಟುಕೊಂಡರೆ ಮುಂದೆ ತಮ್ಮನನ್ನೋ ಗೆಳೆಯನನ್ನೋ ಪರೀಕ್ಷಾ ವಿಭಾಗದ ಕಿಟಕಿಯ ಮುಂದೆ ನಿಲ್ಲಿಸುವುದು ತಪ್ಪಬಹುದು.

ಚಾಲನಾ ಪರವಾನಗಿಯ ವಿಷಯದಲ್ಲೂ ಇಂಥದೇ ಮುಂದಾಲೋಚನೆ ಬೇಕು. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ನೆಲೆಸುವವರು ಇಲ್ಲಿಯ ಲೈಸೆನ್ಸ್ ಮೇಲೆ 60 ದಿನ ಮಾತ್ರ ವಾಹನ ಓಡಿಸಬಹುದು. ಆಮೇಲೆ ಕಣ್ಣಿನ ಮತ್ತು ಲಿಖಿತ ಪರೀಕ್ಷೆ ಬರೆದು, ರಸ್ತೆ ಪರೀಕ್ಷೆಗೆ ಹೋಗಬೇಕು. ಒಂದು ವರ್ಷಕ್ಕಿಂತ ಹೆಚ್ಚಿನ ಹಳೆಯ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದರೆ ಲೈಸೆನ್ಸ್ ಕೊಟ್ಟ ಪ್ರಾಧಿಕಾರದ ಪತ್ರ ಕೇಳುತ್ತಾರೆ. ಆದ್ದರಿಂದ ಆರ್‌ಟಿಒ ಕಚೇರಿಯಿಂದ, ಮೊದಲು ಲೈಸೆನ್ಸ್ ಪಡೆದ ದಿನಾಂಕ ಸ್ಪಷ್ಟವಾಗಿರುವ ಡಿಎಲ್ ಎಕ್ಸ್‌ಟ್ರ್ಯಾಕ್ಟ್ ಪಡೆದುಕೊಳ್ಳಬೇಕು. ಮಕ್ಕಳಿದ್ದರೆ ಲಸಿಕೆಯ ದಾಖಲೆಯನ್ನು ಮರೆಯಬಾರದು. ಒಂಟಾರಿಯೊದ ಶಾಲೆಗಳಿಗೆ ಸೇರಿಸುವಾಗ ಅದು ಬೇಕೇ ಬೇಕು.

ಹೊಲ, ಮನೆ, ಬ್ಯಾಂಕ್ ಖಾತೆ

ನಮ್ಮ ಭಾಗದವರು ಬಹಳ ಅಲಕ್ಷ್ಯ ಮಾಡುವುದು ಇದನ್ನೇ. ವಿದೇಶದಲ್ಲಿ ನೆಲೆಸಲು ಹೊರಟವರ ಉಳಿತಾಯ ಖಾತೆ ಹಾಗೆಯೇ ಮುಂದುವರಿಯುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಅದನ್ನು, ಅನಿವಾಸಿ ಭಾರತೀಯರು ಇಲ್ಲಿಯ ಆದಾಯಕ್ಕಾಗಿ ಇಡುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಹೊಲದ ತೊಗರಿಯ ಹಣ, ಮನೆಯ ಬಾಡಿಗೆ ಎಲ್ಲವೂ ಆ ಖಾತೆಗೇ ಬರಬೇಕು. ಈಗಾಗಲೇ ಹೆಸರಿನಲ್ಲಿರುವ ಕೃಷಿ ಭೂಮಿಯನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಪಿತ್ರಾರ್ಜಿತವಾಗಿ ಪಡೆಯಲೂ ಅಡ್ಡಿಯಿಲ್ಲ. ಆದರೆ ಅನಿವಾಸಿ ಭಾರತೀಯರಾದ ಮೇಲೆ ಹೊಸದಾಗಿ ಹೊಲ ಖರೀದಿಸುವಂತಿಲ್ಲ. ಅಣ್ಣತಮ್ಮಂದಿರ ನಡುವೆ ಪಾಲು ಆಗಬೇಕಾಗಿದ್ದರೆ, ಪಹಣಿಯಲ್ಲಿ ಹೆಸರು ಸೇರಬೇಕಾಗಿದ್ದರೆ ಹೊರಡುವ ಮುನ್ನವೇ ಮುಗಿಸುವುದು ಲೇಸು. ಕಾಕನಿಗೋ ತಮ್ಮನಿಗೋ ವ್ಯವಹಾರ ವಹಿಸುವುದಾದರೆ ಮುಖ್ತಿಯಾರನಾಮೆಯನ್ನು ಇಲ್ಲಿಯೇ ಮಾಡಿಕೊಡಬೇಕು, ಮತ್ತು ಅದರಲ್ಲಿ ಯಾವ ಕೆಲಸಕ್ಕೆ ಅಧಿಕಾರ, ಯಾವುದಕ್ಕೆ ಇಲ್ಲ ಎಂಬುದನ್ನು ಬಿಡಿಸಿ ಬರೆಸಬೇಕು. ಸಂಬಂಧ ಎಷ್ಟೇ ಗಟ್ಟಿಯಾಗಿರಲಿ, ಮಾರಾಟದ ಅಧಿಕಾರವನ್ನು ಸುಮ್ಮನೆ ಸೇರಿಸಬಾರದು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿ ತೆರಿಗೆಯದು. ಭಾರತದಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಕೆನಡಾ ಮಾತ್ರ ತನ್ನ ನಿವಾಸಿಗಳ ಜಗತ್ತಿನ ಎಲ್ಲೆಡೆಯ ಆದಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ, ಅಫಜಲಪುರದ ಹೊಲದ ಆದಾಯವನ್ನೂ ಅಲ್ಲಿ ತೋರಿಸಬೇಕಾಗುತ್ತದೆ. ಅಲ್ಲಿ ನಿವಾಸಿಯಾದ ದಿನದ ಮಾರುಕಟ್ಟೆ ಬೆಲೆಯೇ ನಿಮ್ಮ ಇಲ್ಲಿಯ ಆಸ್ತಿಯ ಮೂಲ ಬೆಲೆ ಎಂದು ಕೆನಡಾದ ಕಾನೂನು ಪರಿಗಣಿಸುತ್ತದೆ. ಮುಂದೆ ಮಾರಿದರೆ ಲಾಭದ ಲೆಕ್ಕ ಅಲ್ಲಿಂದ ಶುರು. ಹಾಗಾಗಿ ಹೊರಡುವ ಹೊತ್ತಿಗೆ ನೋಂದಾಯಿತ ಮೌಲ್ಯಮಾಪಕರಿಂದ ಮನೆ, ನಿವೇಶನ, ಹೊಲದ ಬೆಲೆಯ ವರದಿ ಬರೆಸಿಟ್ಟುಕೊಂಡರೆ ಹತ್ತು ವರ್ಷದ ನಂತರ ಉಪಯೋಗಕ್ಕೆ ಬರುತ್ತದೆ.

ಸಾಮಾನು ಮತ್ತು ವಿಮಾನ ನಿಲ್ದಾಣ

ಮಿಕ್ಸರ್ ಒಯ್ಯಬೇಡಿ. ಇಲ್ಲಿಯ ವಿದ್ಯುತ್ತು 230 ವೋಲ್ಟ್, ಅಲ್ಲಿಯದು 120. ಪ್ಲಗ್ ಬದಲಿಸಿದ ಮಾತ್ರಕ್ಕೆ ಮಿಕ್ಸರ್ ತಿರುಗುವುದಿಲ್ಲ. ರೊಟ್ಟಿಯ ಹಂಚು ಧಾರಾಳವಾಗಿ ಒಯ್ಯಿರಿ. ಚಳಿಗಾಲದ ಕೋಟನ್ನು ಇಲ್ಲಿ ಕೊಳ್ಳುವುದು ದುಡ್ಡು ದಂಡ, ನಲವತ್ತು ಡಿಗ್ರಿಯ ಊರಿನಲ್ಲಿ ಮಾರುವ ಕೋಟು ಮೈನಸ್ ಇಪ್ಪತ್ತಕ್ಕೆ ಒದಗುವುದಿಲ್ಲ. ಔಷಧಿಗಳನ್ನು ವೈದ್ಯರ ಚೀಟಿಯೊಂದಿಗೆ ಗರಿಷ್ಠ 90 ದಿನಕ್ಕಾಗುವಷ್ಟು ಒಯ್ಯಬಹುದು. ಹತ್ತು ಸಾವಿರ ಕೆನಡಾ ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಹಣವಿದ್ದರೆ ಅಲ್ಲಿಯ ಕಸ್ಟಮ್ಸ್‌ಗೆ ಘೋಷಿಸಬೇಕು. ಆಹಾರ ಪದಾರ್ಥಗಳನ್ನು, ಹಿಂಡಿಯ ಡಬ್ಬಿಯನ್ನೂ ಸೇರಿಸಿ, ಎಲ್ಲವನ್ನೂ ಹೇಳಿಬಿಡಬೇಕು. ನಂತರ ತರಿಸಿಕೊಳ್ಳುವ ಒಡವೆ, ಸಾಮಾನುಗಳಿದ್ದರೆ ಅವುಗಳ ಪಟ್ಟಿಯನ್ನು ಬೆಲೆಸಹಿತ ಬರೆದು ಮೊದಲ ಪ್ರವೇಶದ ದಿನವೇ ಕೊಡಬೇಕು. ಆ ಪಟ್ಟಿಯಲ್ಲಿ ಇಲ್ಲದ ವಸ್ತುವಿಗೆ ಮುಂದೆ ಸುಂಕ ಬೀಳಬಹುದು.

ಮೊದಲ ವಾರಗಳು

ಇಳಿದ ಮೇಲೆ ಮೊದಲು ಮಾಡಬೇಕಾದದ್ದು ಎಸ್‌ಐಎನ್ (ಸೋಷಿಯಲ್ ಇನ್ಶೂರೆನ್ಸ್ ನಂಬರ್) ಎಂಬ ಒಂಬತ್ತು ಅಂಕಿಯ ಸಂಖ್ಯೆ ಪಡೆಯುವುದು. ಅದಿಲ್ಲದೆ ಸಂಬಳದ ಕೆಲಸವಿಲ್ಲ. ಸರ್ವಿಸ್ ಕೆನಡಾ ಎಂಬ ಸರ್ಕಾರಿ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಪಿಆರ್ ಕಾರ್ಡ್ ಅಂಚೆಯಲ್ಲಿ ಕೆನಡಾದ ವಿಳಾಸಕ್ಕೇ ಬರುವುದರಿಂದ, 180 ದಿನಗಳೊಳಗೆ ವಿಳಾಸ ಕೊಡದಿದ್ದರೆ ಮತ್ತೆ ಶುಲ್ಕ ಕಟ್ಟಿ ಅರ್ಜಿ ಹಾಕಬೇಕಾಗುತ್ತದೆ. ಆರೋಗ್ಯ ಕಾರ್ಡಿನ ನಿಯಮ ಪ್ರಾಂತ್ಯಕ್ಕೊಂದು: ಒಂಟಾರಿಯೊದಲ್ಲಿ ಕಾಯುವ ಅವಧಿ ಇಲ್ಲ, ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳ ಉಳಿದ ದಿನಗಳ ಜೊತೆ ಇನ್ನೆರಡು ತಿಂಗಳು ಕಾಯಬೇಕು. ಆ ಅವಧಿಗೆ ಖಾಸಗಿ ವಿಮೆ ಮಾಡಿಸಿಕೊಂಡೇ ಹೋಗಬೇಕು.

ಮನೆ ಹುಡುಕುವಾಗ ಸಾಲ ತೀರಿಸಿದ ಚರಿತ್ರೆ ತೋರಿಸುವ ಇಲ್ಲಿಯ ಸಿಬಿಲ್ ಅಂಕ ಸಾಮಾನ್ಯವಾಗಿ ಕೆಲಸಕ್ಕೆ ಬಾರದು. ಉದ್ಯೋಗದ ಪತ್ರ ಅಥವಾ ಬ್ಯಾಂಕಿನಲ್ಲಿರುವ ಹಣದ ದಾಖಲೆ ತೋರಿಸಬೇಕು. ಒಂಟಾರಿಯೊದಲ್ಲಿ ಮಾಲೀಕರು ಠೇವಣಿಯಾಗಿ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅದೂ ಕೊನೆಯ ತಿಂಗಳ ಬಾಡಿಗೆಗೇ ಜಮೆಯಾಗಬೇಕು. ಮನೆ ನೋಡದೆ ಇಲ್ಲಿಂದಲೇ ಮುಂಗಡ ಕಳಿಸುವ ಸಾಹಸ ಬೇಡ.

ಮೊದಲ ತೆರಿಗೆ ವಿವರಣೆಯನ್ನು ಮರುವರ್ಷದ ಏಪ್ರಿಲ್ 30ರೊಳಗೆ ಸಲ್ಲಿಸಬೇಕು. ಇನ್ನುಳಿದದ್ದು ದಿನಗಳ ಲೆಕ್ಕ. ಪಿಆರ್ ಉಳಿಯಬೇಕಾದರೆ ಐದು ವರ್ಷಗಳಲ್ಲಿ 730 ದಿನ, ಪೌರತ್ವ ಕೇಳಬೇಕಾದರೆ ಅರ್ಜಿಗೆ ಹಿಂದಿನ ಐದು ವರ್ಷಗಳಲ್ಲಿ 1,095 ದಿನ ಅಲ್ಲಿ ಇರಬೇಕು. ಮದುವೆ, ಜಾತ್ರೆ, ತಂದೆತಾಯಿಯ ಆರೋಗ್ಯ ಎಂದು ಊರಿಗೆ ಬಂದು ಹೋಗುವ ಪ್ರತಿಯೊಂದು ದಿನಾಂಕವನ್ನೂ ಮೊದಲ ಪ್ರಯಾಣದಿಂದಲೇ ಒಂದು ಪುಸ್ತಕದಲ್ಲಿ ಬರೆದಿಡಬೇಕು.