ಸೊಂಟನೋವಿನ ವ್ಯಾಯಾಮದ ವಿಡಿಯೊ: ಅನುಸರಿಸುವ ಮುನ್ನ ಅಳೆದು ನೋಡುವ ಬಗೆ

ಕಲಬುರಗಿ ಸೀಮೆಯಲ್ಲಿ ತೊಗರಿ ರಾಶಿ ಮುಗಿಯುವ ಹೊತ್ತಿಗೆ, ಶಹಾಪುರ ಮತ್ತು ಸುರಪುರದ ಕಾಲುವೆ ಬಯಲಿನಲ್ಲಿ ಭತ್ತದ ನಾಟಿ ಮುಗಿಯುವ ಹೊತ್ತಿಗೆ, ‘ನಡ ಹಿಡದದ’ ಎನ್ನುವ ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ. ಬಗ್ಗಿ ದುಡಿಯುವವರಿಗಷ್ಟೇ ಅಲ್ಲ, ಶಹಾಬಾದಿನಲ್ಲಿ ಪರಸಿ ಕಲ್ಲು ಎತ್ತುವವರಿಗೆ, ಬೀದರಿನಲ್ಲಿ ನೆಲದ ಮೇಲೆ ಕುಳಿತು ಬಿದರಿ ಸಾಮಾನಿಗೆ ಬೆಳ್ಳಿ ತಂತಿ ಕೂರಿಸುವವರಿಗೆ, ದಿನವಿಡೀ ಬಸ್ ಓಡಿಸುವವರಿಗೆ, ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವರಿಗೂ ಸೊಂಟನೋವು ತಪ್ಪಿದ್ದಲ್ಲ. ಹಳ್ಳಿಯವರು ಫಿಸಿಯೋಥೆರಪಿಸ್ಟರನ್ನು ಕಾಣಬೇಕೆಂದರೆ ಬಹಳ ಸಲ ಜಿಲ್ಲಾ ಕೇಂದ್ರಕ್ಕೇ ಹೋಗಬೇಕು, ಒಂದು ದಿನದ ಕೂಲಿ ಬಿಡಬೇಕು. ಮೊಬೈಲ್ ಮಾತ್ರ ಕೈಯಲ್ಲೇ ಇರುತ್ತದೆ. ಆದ್ದರಿಂದ ಯೂಟ್ಯೂಬಿನಲ್ಲಿ ವ್ಯಾಯಾಮ ಹುಡುಕುವವರನ್ನು ಗದರಿಸುವುದು ನ್ಯಾಯವಲ್ಲ. ಸಿಕ್ಕ ವಿಡಿಯೊಗಳಲ್ಲಿ ಯಾವುದು ತಮ್ಮ ನಡುವಿಗೆ ಹೊಂದುತ್ತದೆ, ಯಾವುದನ್ನು ಬಿಡಬೇಕು ಎಂದು ಅಳೆಯುವ ಬಗೆಯನ್ನು ಅವರಿಗೆ ತಿಳಿಸಬೇಕು.

ವ್ಯಾಯಾಮದಿಂದ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಉತ್ತರ ಸಾಕಷ್ಟು ಗಟ್ಟಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟನೋವು ಇತ್ತು. ಮೂರು ತಿಂಗಳಿಗೂ ಮೀರಿ ಉಳಿಯುವ ಇಂತಹ ನೋವಿನ ಬಗ್ಗೆ ಅದು 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮವನ್ನೂ ರೋಗಿಗೆ ತಿಳಿವಳಿಕೆ ನೀಡುವುದನ್ನೂ ಸೇರಿಸಲಾಗಿದೆ. ಸೊಂಟಕ್ಕೆ ಕಟ್ಟುವ ಬೆಲ್ಟನ್ನೂ ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ನನ್ನೂ ವಾಡಿಕೆಯಾಗಿ ಬಳಸಬಾರದೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ವೈದ್ಯಕೀಯ ಪ್ರಯೋಗಗಳನ್ನು ವಿಮರ್ಶಿಸುವ ಕೊಕ್ರೇನ್ ಸಂಸ್ಥೆ 2021ರಲ್ಲಿ 249 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಬಹುಕಾಲದ ಸೊಂಟನೋವಿನಲ್ಲಿ ಏನೂ ಮಾಡದೆ ಇರುವುದಕ್ಕಿಂತ ವ್ಯಾಯಾಮ ಮಾಡುವುದು ಲೇಸು ಎಂಬುದೇ ಕಂಡುಬಂತು. ಹೀಗಾಗಿ ಅಳೆಯಬೇಕಾದದ್ದು ವ್ಯಾಯಾಮವನ್ನಲ್ಲ, ಅದನ್ನು ಕಲಿಸುವ ವಿಡಿಯೊವನ್ನು.

ಆದರೆ ಯಾವ ವಿಡಿಯೊವನ್ನೂ ತೆರೆಯಬಾರದ ನೋವುಗಳಿವೆ. ಅವನ್ನು ಮೊದಲು ತಿಳಿದಿರಬೇಕು. ಕುಳಿತಾಗ ನೆಲಕ್ಕೆ ತಾಗುವ ಭಾಗ ಅಥವಾ ಜನನಾಂಗದ ಸುತ್ತಲಿನ ಚರ್ಮ ಜೋಮು ಹಿಡಿದಿದ್ದರೆ, ಮೂತ್ರ ಬಾರದೆ ಕಟ್ಟಿದ್ದರೆ, ಮಲಮೂತ್ರದ ಹಿಡಿತ ತಪ್ಪಿದ್ದರೆ, ಎರಡೂ ಕಾಲುಗಳಲ್ಲಿ ಶಕ್ತಿ ಕುಂದುತ್ತಿದ್ದರೆ, ಬೆನ್ನೆಲುಬಿನ ಕೆಳತುದಿಯ ನರಗಳ ಗೊಂಚಲು ಒತ್ತಲ್ಪಟ್ಟಿರುವ ಸಾಧ್ಯತೆ ಇರುತ್ತದೆ. ಅಂತಹವರು ಬೆಳಗಾಗಲಿ ಎಂದು ಕಾಯದೆ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ತಡವಾದಷ್ಟೂ ಹೋದ ಹಿಡಿತ ಮರಳಿ ಬರುವ ಸಾಧ್ಯತೆ ಕಡಿಮೆಯಾಗುತ್ತದೆ. ನಡೆಯುವಾಗ ಒಂದು ಕಾಲಿನ ಚಪ್ಪಲಿ ಗೊತ್ತಾಗದಂತೆ ಜಾರಿ ಬೀಳುತ್ತಿದ್ದರೆ, ಪಾದದ ಮುಂಭಾಗ ನೆಲಕ್ಕೆ ತರಚುತ್ತಿದ್ದರೆ, ಅದೂ ನರದ ದೌರ್ಬಲ್ಯದ ಗುರುತಾಗಿರಬಹುದು. ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು ಸೊಂಟನೋವಿನ ಜೊತೆಗಿದ್ದರೆ ಬೆನ್ನೆಲುಬಿನ ಕ್ಷಯವನ್ನು ನೆನೆಯಲೇಬೇಕು. ನಮ್ಮ ದೇಶದಲ್ಲಿ ಅದು ಅಪರೂಪದ ರೋಗವಲ್ಲ. ಬೈಕಿನಿಂದ ಬಿದ್ದ ನಂತರದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರ ನೋವು, ಬಹುಕಾಲ ಸ್ಟೀರಾಯ್ಡ್ ನುಂಗಿದವರ ನೋವು, ವಯಸ್ಸಾದವರಲ್ಲಿ ಹಠಾತ್ತನೆ ಬಂದ ನೋವು, ಇವೂ ಮೊದಲು ವೈದ್ಯರ ಕೈಗೆ ಸೇರಬೇಕಾದವು. ನಮ್ಮ ಕಡೆಯ ಬಿರುಬೇಸಿಗೆಯಲ್ಲಿ ನೀರು ಕಡಿಮೆ ಕುಡಿದು ದುಡಿಯುವವರು ಇನ್ನೊಂದನ್ನೂ ಗಮನಿಸಬೇಕು: ಪಕ್ಕೆಯಿಂದ ತೊಡೆಸಂದಿನವರೆಗೆ ಅಲೆಅಲೆಯಾಗಿ ಹಿಂಡುವ ನೋವು ಮೂತ್ರಪಿಂಡದ ಕಲ್ಲಿನದಿರಬಹುದು, ಅದಕ್ಕೆ ಯಾವ ವ್ಯಾಯಾಮವೂ ಮದ್ದಲ್ಲ. ಒಳ್ಳೆಯ ವಿಡಿಯೊ ತನ್ನ ಮೊದಲ ಎರಡು ಮೂರು ನಿಮಿಷಗಳಲ್ಲಿಯೇ ಈ ಎಚ್ಚರಿಕೆಗಳನ್ನು ಹೇಳುತ್ತದೆ. ಹೇಳದೆ ನೇರವಾಗಿ ‘ಬನ್ನಿ, ಶುರು ಮಾಡೋಣ’ ಎನ್ನುವ ವಿಡಿಯೊವನ್ನು ಅಲ್ಲಿಗೇ ಮುಚ್ಚಬಹುದು.

ಮುಂದಿನ ಪ್ರಶ್ನೆ, ಕಲಿಸುತ್ತಿರುವವರು ಯಾರು ಎಂಬುದು. ಆರೋಗ್ಯ ಮಾಹಿತಿಯ ಗುಣಮಟ್ಟವನ್ನು ಅಳೆಯಲು ಸಂಶೋಧಕರು ಬಳಸುವ ‘ಡಿಸರ್ನ್’ ಎಂಬ ಪ್ರಶ್ನಾವಳಿಯಲ್ಲಿ 16 ಪ್ರಶ್ನೆಗಳಿವೆ. ಅಮೆರಿಕದ ವೈದ್ಯ ಸಂಘದ ಪತ್ರಿಕೆ 1997ರಲ್ಲಿ ಸೂಚಿಸಿದ ಅಳತೆಗೋಲಿನಲ್ಲಿ ನಾಲ್ಕೇ ಅಂಶಗಳಿವೆ: ಹೇಳಿದವರು ಯಾರು, ಯಾವ ಆಧಾರದ ಮೇಲೆ, ಯಾರ ಹಣದಿಂದ, ಯಾವ ದಿನಾಂಕದಂದು. ಮನೆಯಲ್ಲಿ ನೋಡುವವರಿಗೆ ಈ ನಾಲ್ಕೇ ಸಾಕು. ಹೆಸರು, ವಿದ್ಯಾರ್ಹತೆ ಮತ್ತು ದುಡಿಯುವ ಆಸ್ಪತ್ರೆ ವಿಡಿಯೊದಲ್ಲಿಯೋ ಅದರ ಕೆಳಗಿನ ವಿವರಣೆಯಲ್ಲಿಯೋ ಕಾಣಬೇಕು. ಫಿಸಿಯೋಥೆರಪಿಸ್ಟರಾದರೆ ಬಿಪಿಟಿ ಅಥವಾ ಎಂಪಿಟಿ ಪದವಿ, ವೈದ್ಯರಾದರೆ ವೈದ್ಯಕೀಯ ಪರಿಷತ್ತಿನ ನೋಂದಣಿ ಇರುತ್ತದೆ. ಆರೋಗ್ಯದ ಬಗ್ಗೆ ಮಾತನಾಡುವ ಪ್ರಭಾವಿಗಳು ತಮ್ಮ ಅರ್ಹತೆಯನ್ನು ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟಿನಲ್ಲಿಯೇ ಸೂಚಿಸಿದೆ. ಹೆಸರಿನ ಮುಂದೆ ‘ಡಾ.’ ಎಂದಿದ್ದ ಮಾತ್ರಕ್ಕೆ ಮೂಳೆ ಮತ್ತು ನರದ ವಿದ್ಯೆ ಬಲ್ಲವರೆಂದು ತಿಳಿಯಬೇಕಿಲ್ಲ. ಅದೇ ರೀತಿ, ಚೆನ್ನಾಗಿ ಕಲಿಸುವ ಯೋಗ ಶಿಕ್ಷಕರನ್ನು ಪದವಿ ಇಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬೇಕಿಲ್ಲ. ಅವರು ರೋಗದ ಹೆಸರು ಹಿಡಿದು ಚಿಕಿತ್ಸೆ ಕೊಡಲು ಹೊರಟಾಗ ಮಾತ್ರ ಎಚ್ಚರ ಬೇಕು.

ವೀಕ್ಷಣೆಯ ಸಂಖ್ಯೆಯನ್ನು ನೋಡಲೇಬೇಡಿ. ಹತ್ತು ಲಕ್ಷ ಜನ ನೋಡಿದ್ದಾರೆಂದರೆ ಶೀರ್ಷಿಕೆ ಅವರನ್ನು ಸೆಳೆದಿದೆ ಎಂದಷ್ಟೇ ಅರ್ಥ. ಎಷ್ಟು ಜನರ ನೋವು ಇಳಿಯಿತು, ಎಷ್ಟು ಜನರದು ಏರಿತು ಎಂಬುದು ಆ ಅಂಕಿಯಲ್ಲಿ ಇರುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರಬಹುದು. ಸೊಂಟನೋವು ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ನಡುವುಗಳಿವೆ, ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಅಹಿತವಾಗಬಲ್ಲದು. ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆಯಂತಹ ಡಿಸ್ಕ್ ಉಬ್ಬಿ ಕಾಲಿನ ನರವನ್ನು ಕೆರಳಿಸಿದ ಅನೇಕರಿಗೆ ಮುಂದಕ್ಕೆ ಬಗ್ಗಿದಷ್ಟೂ ನೋವು ಹೆಚ್ಚುತ್ತದೆ, ಬೋರಲು ಮಲಗಿ ಮೊಳಕೈ ಊರಿ ಎದೆಯನ್ನು ಸ್ವಲ್ಪ ಎತ್ತಿದರೆ ಹಾಯೆನಿಸುತ್ತದೆ. ಇವರು ಕಾಲು ಚಾಚಿ ಕುಳಿತು ಮುಂದಕ್ಕೆ ಬಗ್ಗುವ ಪಶ್ಚಿಮೋತ್ತಾನಾಸನದ ವಿಡಿಯೊ ಹಿಡಿದು ಕುಳಿತರೆ ಕಷ್ಟ. ಬೆನ್ನುಹುರಿಯ ಕಾಲುವೆ ಕಿರಿದಾದ ಹಿರಿಯರ ಸ್ಥಿತಿ ಇದಕ್ಕೆ ತೀರ ವಿರುದ್ಧ: ಸ್ವಲ್ಪ ದೂರ ನಡೆಯುವಷ್ಟರಲ್ಲಿ ಕಾಲು ಭಾರವಾಗಿ, ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಸಮಾಧಾನವಾಗುವ ಇವರಿಗೆ ಭುಜಂಗಾಸನದಂತೆ ಬೆನ್ನನ್ನು ಹಿಂದಕ್ಕೆ ಮಣಿಸುವ ವ್ಯಾಯಾಮ ಬಹಳ ಸಲ ಹೊಂದುವುದಿಲ್ಲ. ಮೂಳೆ ಟೊಳ್ಳಾಗಿರುವ ವಯಸ್ಸಾದ ತಾಯಂದಿರು ಬೆನ್ನನ್ನು ಬಲವಾಗಿ ಮುಂದಕ್ಕೆ ಬಗ್ಗಿಸುವ ವ್ಯಾಯಾಮ ಮಾಡಿದರೆ ಬೆನ್ನೆಲುಬಿನ ಮೂಳೆ ಕುಸಿಯುವ ಅಪಾಯವೇ ಇದೆ. ಹಾಗಿದ್ದಾಗ ‘ಎಲ್ಲ ಬಗೆಯ ಸೊಂಟನೋವಿಗೂ ಈ ಮೂರು ವ್ಯಾಯಾಮ’ ಎಂಬ ತಲೆಬರಹದ ವಿಡಿಯೊ, ಕಲಿಸುವವರು ಎಷ್ಟೇ ಸೌಮ್ಯವಾಗಿ ಮಾತನಾಡಲಿ, ಅರ್ಧ ಸತ್ಯವನ್ನಷ್ಟೇ ಹೇಳುತ್ತಿದೆ. ‘ಬಗ್ಗಿದರೆ ಹೆಚ್ಚುವ ನೋವಿದ್ದವರು ಇದನ್ನು ಮಾಡಬೇಡಿ, ನಿಮಗೆ ಬೇರೆ ವಿಡಿಯೊ ಇದೆ’ ಎಂದು ವೀಕ್ಷಕರನ್ನು ಹಿಂದಕ್ಕೆ ಕಳಿಸುವ ಧೈರ್ಯ ಯಾರಿಗಿದೆಯೋ ಅವರನ್ನು ನಂಬಬಹುದು. ನನ್ನ ಮಟ್ಟಿಗೆ, ಇದೊಂದೇ ಗುಣ ಉಳಿದೆಲ್ಲಕ್ಕಿಂತ ಹೆಚ್ಚು ತೂಗುತ್ತದೆ.

‘ಜಾರಿದ ಡಿಸ್ಕನ್ನು ಒಂದೇ ಸಲಕ್ಕೆ ಕೂರಿಸುತ್ತೇವೆ’ ಎಂಬ ಮಾತು ಕೇಳಿದರೂ ಆ ವಿಡಿಯೊವನ್ನು ಬಿಟ್ಟು ಮುಂದಕ್ಕೆ ಸಾಗಿ. ಡಿಸ್ಕ್ ಮೇಲಿನ ಮತ್ತು ಕೆಳಗಿನ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಅದು ಜಾರಿ ಹೋಗುವ ವಸ್ತುವಲ್ಲ. ಅದರೊಳಗಿನ ಮೆದು ಭಾಗ ಉಬ್ಬುತ್ತದೆ ಅಥವಾ ಹೊರಚಾಚುತ್ತದೆ, ಮತ್ತು ಹಾಗೆ ಹೊರಬಂದದ್ದು ಅನೇಕರಲ್ಲಿ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಕುಗ್ಗುತ್ತದೆ. ಎಂಆರ್‌ಐ ಚಿತ್ರವನ್ನು ತೋರಿಸಿ ಹೆದರಿಸುವ ವಿಡಿಯೊಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಪರಿಶೀಲಿಸಿದ 2015ರ ಒಂದು ವಿಮರ್ಶೆಯಲ್ಲಿ, 20ರ ವಯಸ್ಸಿನವರಲ್ಲಿ ಶೇ. 37 ಮಂದಿಗೂ 80ರ ವಯಸ್ಸಿನವರಲ್ಲಿ ಶೇ. 96 ಮಂದಿಗೂ ಡಿಸ್ಕ್ ಸವೆತ ಕಂಡುಬಂದಿತ್ತು. ಸವೆತವಿದೆ ಎಂದ ಮಾತ್ರಕ್ಕೆ ನೋವು ಅದರದ್ದೇ ಎನ್ನಲಾಗದು, ಬದುಕು ಮುಗಿಯಿತೆಂದೂ ಅಲ್ಲ. ಹೆದರಿಸಿ ಕೊನೆಗೆ ಬೆಲ್ಟು, ಎಣ್ಣೆ, ಪುಡಿ ಮಾರುವ ವಿಡಿಯೊದ ಉದ್ದೇಶವೇನೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಅರ್ಹತೆ, ಎಚ್ಚರಿಕೆ ಎಲ್ಲವೂ ಸರಿಯಿದ್ದರೂ ವ್ಯಾಯಾಮವನ್ನು ತೋರಿಸುವ ರೀತಿ ಕೆಟ್ಟಿರಬಹುದು. ಒಂದನ್ನೇ ಹತ್ತಿರದಿಂದ ನೋಡೋಣ. ಅಂಗೈ ಮತ್ತು ಮೊಣಕಾಲು ಊರಿ, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚುವ ‘ಬರ್ಡ್ ಡಾಗ್’ ವ್ಯಾಯಾಮ ಬಹಳ ಕಡೆ ಕಾಣಸಿಗುತ್ತದೆ. ಒಳ್ಳೆಯ ವಿಡಿಯೊದಲ್ಲಿ ಕ್ಯಾಮೆರಾ ಪಕ್ಕದಲ್ಲಿ, ನೆಲದಿಂದ ಹೆಚ್ಚು ಎತ್ತರವಿಲ್ಲದಂತೆ ಇರುತ್ತದೆ: ಅಂಗೈ ಭುಜದ ಕೆಳಗೆ, ಮೊಣಕಾಲು ಸೊಂಟದ ಕೀಲಿನ ಕೆಳಗೆ ಬಂದಿದೆಯೇ ಎಂಬುದು ಕಾಣುತ್ತದೆ. ಮೊದಲು ಕಾಲಿನ ಹೆಬ್ಬೆರಳನ್ನು ನೆಲದ ಮೇಲೆಯೇ ಹಿಂದಕ್ಕೆ ಜಾರಿಸುವ ಸುಲಭ ಹಂತ ಬರುತ್ತದೆ. ನಡು ಅಲುಗದೆ ಅಷ್ಟು ಮಾಡಲು ಬಂದರೆ ಮಾತ್ರ ಕಾಲನ್ನು ಎತ್ತಲು ಹೇಳುತ್ತಾರೆ, ಅದೂ ಸೊಂಟದ ಮಟ್ಟಕ್ಕಿಂತ ಮೇಲೆ ಹೋಗದಂತೆ. ಆಮೇಲೆ ಕ್ಯಾಮೆರಾ ಹಿಂದಿನಿಂದ ತೋರಿಸುತ್ತದೆ, ಏಕೆಂದರೆ ಸೊಂಟ ಒಂದು ಬದಿಗೆ ತಿರುಗುವ ತಪ್ಪು ಪಕ್ಕದಿಂದ ಕಾಣುವುದಿಲ್ಲ. ಉಸಿರು ಹಿಡಿಯಬೇಡಿ, ಹತ್ತು ಸೆಕೆಂಡ್ ಮೀರಿ ನಿಲ್ಲಬೇಡಿ, ಹೊಟ್ಟೆ ಕೆಳಕ್ಕೆ ಜೋತರೆ ನಿಲ್ಲಿಸಿ ಎನ್ನುವ ಮಾತುಗಳು ಆಯಾ ಚಲನೆ ನಡೆಯುವ ಹೊತ್ತಿಗೇ ಕೇಳುತ್ತವೆ. ಕೆಟ್ಟ ವಿಡಿಯೊದಲ್ಲಿ ಕಲಿಸುವವರ ಮುಖ ಕಾಣುತ್ತದೆ, ಬೆನ್ನು ಕಾಣುವುದಿಲ್ಲ. ಹಾಡಿನ ಲಯಕ್ಕೆ ಕೈಕಾಲು ಮೇಲೆ ಕೆಳಗೆ ಹೋಗುತ್ತಿರುತ್ತವೆ. ಮಾಡಿ ತೋರಿಸುವವರು ಇಪ್ಪತ್ತರ ಹರೆಯದವರಾಗಿದ್ದು, ಮೊಣಕಾಲು ಊರಲಾಗದವರು ಏನು ಮಾಡಬೇಕೆಂಬ ಸೊಲ್ಲೇ ಇರುವುದಿಲ್ಲ.

ಪ್ರಮಾಣವನ್ನೂ ಕೇಳಿಸಿಕೊಳ್ಳಿ. ಎಷ್ಟು ಸಲ, ವಾರಕ್ಕೆ ಎಷ್ಟು ದಿನ, ಯಾವಾಗ ಹೆಚ್ಚಿಸಬೇಕು ಎಂದು ಹೇಳದ ವಿಡಿಯೊ, ದಿನಕ್ಕೆಷ್ಟು ಸಲ ನುಂಗಬೇಕೆಂದು ಬರೆಯದೆ ಕೊಟ್ಟ ಮಾತ್ರೆಯಂತೆ.

ಭಾಷೆಯ ವಿಷಯದಲ್ಲಿ ಕಲಬುರಗಿ, ಯಾದಗಿರಿ, ಬೀದರ್, ನಮ್ಮ ಈ ಮೂರೂ ಜಿಲ್ಲೆಗಳವರು ಕನ್ನಡದ ಜೊತೆಗೆ ಹಿಂದಿ, ಉರ್ದು, ತೆಲುಗು, ಮರಾಠಿ ವಿಡಿಯೊಗಳನ್ನೂ ನೋಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ‘ಇಲ್ಲಿ ನಿಲ್ಲಿಸಿ’ ಎಂಬ ಮಾತು ಯಾವ ಭಾಷೆಯಲ್ಲಿ ತಟ್ಟನೆ ಅರ್ಥವಾಗುತ್ತದೆಯೋ ಆ ಭಾಷೆಯ ವಿಡಿಯೊವನ್ನೇ ಆರಿಸಿಕೊಳ್ಳಬೇಕು. ಯಂತ್ರದ ಧ್ವನಿಯಲ್ಲಿ ಕನ್ನಡಕ್ಕೆ ಡಬ್ ಆದ ವಿಡಿಯೊಗಳಲ್ಲಿ ಮಾತು ಚಿತ್ರಕ್ಕಿಂತ ಹಿಂದೆ ಉಳಿಯಬಹುದು. ಕಾಲು ಕೆಳಗಿಳಿದ ಮೇಲೆ ‘ಉಸಿರು ಬಿಡುತ್ತಾ ಕಾಲು ಎತ್ತಿ’ ಎಂದು ಕೇಳಿದರೆ ಅದನ್ನು ಅನುಸರಿಸುವುದು ಹೇಗೆ?

ವಿಡಿಯೊ ಆರಿಸಿಕೊಂಡ ಮೇಲೆ ಮೊದಲ ಸಲ ಏನೂ ಮಾಡದೆ ಕೊನೆಯವರೆಗೆ ಬರೀ ನೋಡಿ. ವ್ಯಾಯಾಮವನ್ನು ಹೊರಸಿನ ಮೇಲಾಗಲಿ ಮೆತ್ತನೆಯ ಗಾದಿಯ ಮೇಲಾಗಲಿ ಮಾಡಬೇಡಿ. ನೆಲದ ಮೇಲೆ ದಪ್ಪನೆಯ ಜಮಖಾನ ಮಡಚಿ ಹಾಸಿದರೆ ಸಾಕು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೆಳಗಿನ ತಂಪು ಹೊತ್ತೇ ಒಳ್ಳೆಯದು, ಆದರೆ ಎದ್ದ ಕೂಡಲೇ ಬಗ್ಗುವ ವ್ಯಾಯಾಮ ಬೇಡ. ರಾತ್ರಿಯಿಡೀ ನೀರು ಹೀರಿ ಉಬ್ಬಿದ ಡಿಸ್ಕಿನ ಬಿಗುವು ಇಳಿಯಲು ಸ್ವಲ್ಪ ಹೊತ್ತು ಓಡಾಡಿರಬೇಕು. ಮನೆಯವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೊಬೈಲಿನಲ್ಲಿ ನಿಮ್ಮದೇ ವಿಡಿಯೊ ತೆಗೆಯಲು ಹೇಳಿ, ಕಲಿಸಿದವರ ಭಂಗಿಗೂ ನಿಮ್ಮ ಭಂಗಿಗೂ ಇರುವ ವ್ಯತ್ಯಾಸ ಆಗ ಕಣ್ಣಿಗೆ ಬೀಳುತ್ತದೆ.

ಮಾಡುವಾಗ ಸಣ್ಣದಾಗಿ ನೋಯುವುದು, ಸ್ನಾಯು ಎಳೆದಂತಾಗುವುದು ಸಹಜ. ಮರುದಿನದೊಳಗೆ ಅದು ಇಳಿಯಬೇಕು. ನೋವು ಎತ್ತ ಸರಿಯುತ್ತಿದೆ ಎಂಬುದನ್ನು ಗಮನಿಸಿ. ಕಾಲಿನಲ್ಲಿದ್ದ ನೋವು ಮೇಲೇರಿ ಸೊಂಟದ ನಡುವಿಗೆ ಬರುತ್ತಿದ್ದರೆ, ಸೊಂಟದಲ್ಲಿ ಸ್ವಲ್ಪ ಹೆಚ್ಚಾದಂತೆ ಅನ್ನಿಸಿದರೂ ಅದು ಒಳ್ಳೆಯ ಲಕ್ಷಣ. ಸೊಂಟದಲ್ಲಿದ್ದದ್ದು ಪಿರ್ರೆ ದಾಟಿ ಮೀನಖಂಡದ ಕಡೆಗೆ ಇಳಿಯುತ್ತಿದ್ದರೆ ಆ ವ್ಯಾಯಾಮವನ್ನು ಅಂದೇ ಬಿಡಬೇಕು, ‘ನೋವು ಬಂದರೂ ಮುಂದುವರಿಸಿ’ ಎಂದು ವಿಡಿಯೊದವರು ಎಷ್ಟೇ ಹುರಿದುಂಬಿಸಲಿ. ಯಾವ ವಿಡಿಯೊವೂ ಹೊಂದಲಿಲ್ಲವೆಂದರೆ ನಡಿಗೆಯನ್ನಾದರೂ ಬಿಡಬೇಡಿ. ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮಾರ್ಗದರ್ಶನದೊಂದಿಗೆ ಹಂತಹಂತವಾಗಿ ನಡಿಗೆ ಹೆಚ್ಚಿಸಿದವರಿಗೆ ನೋವು ಮರುಕಳಿಸಲು ಸಾಮಾನ್ಯವಾಗಿ 208 ದಿನ ಹಿಡಿದರೆ, ಹಾಗೆ ಮಾಡದವರಿಗೆ 112 ದಿನವಷ್ಟೇ ಹಿಡಿದಿತ್ತು. ಕಲಬುರಗಿಯ ಅಪ್ಪನ ಕೆರೆಯ ಸುತ್ತ ನಡೆದರೂ ಸರಿ, ಊರ ಹೊರಗಿನ ಹೊಲದ ದಾರಿ ಹಿಡಿದರೂ ಸರಿ.

ನಾಲ್ಕರಿಂದ ಆರು ವಾರ ಬಿಡದೆ ಮಾಡಿದರೂ ಗುಣ ಕಾಣದಿದ್ದರೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂತಹ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೂಳೆರೋಗ ವಿಭಾಗಕ್ಕೆ ತೋರಿಸಿ. ಹೋಗುವಾಗ ಅನುಸರಿಸುತ್ತಿದ್ದ ವಿಡಿಯೊವನ್ನು ಮೊಬೈಲಿನಲ್ಲಿ ಡೌನ್‌ಲೋಡ್ ಮಾಡಿಕೊಂಡು ಹೋಗಿ. ಇದರಲ್ಲಿ ಯಾವುದನ್ನು ಮಾಡಬಹುದು, ಯಾವುದನ್ನು ಬಿಡಬೇಕು, ಎಷ್ಟರಿಂದ ಆರಂಭಿಸಬೇಕು ಎಂದು ಅದನ್ನು ತೋರಿಸಿಯೇ ಕೇಳಿ, ಉತ್ತರವನ್ನು ಚೀಟಿಯ ಹಿಂಬದಿಗೆ ಬರೆಸಿಕೊಂಡು ಬನ್ನಿ.