ಬೀಚಿನಿಂದ ಮಗುವನ್ನು ಅಳಿಸದೆ ಹೊರಡಿಸಲು

ಕಾರವಾರದ ಟ್ಯಾಗೋರ್ ಬೀಚಿಗೆ ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಒಂದು ಸಲಹೆ. ಹೊರಡುವ ಹೊತ್ತಿಗೆ ‘ಇನ್ನು ಐದೇ ನಿಮಿಷ’ ಅನ್ನಬೇಡಿ, ಒಂದು ಕೊನೆಯ ಕೆಲಸ ಕೊಡಿ. ‘ಮೂರು ಬಕೆಟ್ ನೀರು ತಂದು ಈ ಗುಂಡಿಗೆ ಹಾಕು, ಆಮೇಲೆ ಚಪ್ಪಲಿ ಹಾಕ್ಕೊಳ್ಳೋಣ’ ಅಂತ. ಮೂರು-ನಾಲ್ಕು ವರ್ಷದ ಮಗುವಿಗೆ ಐದು ನಿಮಿಷ ಎಂದರೆ ಎಷ್ಟು ಹೊತ್ತು ಅಂತ ಗೊತ್ತಾಗುವುದಿಲ್ಲ, ಬಕೆಟ್ ಲೆಕ್ಕ ಮಾತ್ರ ಕಣ್ಣಿಗೆ ಕಾಣುತ್ತದೆ. ಆಟ ಮುಗಿಸಿದ್ದು ತಾನೇ ಅನ್ನುವ ಖುಷಿಯೂ ಸಿಗುತ್ತದೆ. ಹಠದ ಮಕ್ಕಳಿಗೆ ಬೇಕಾಗಿರುವುದೇ ಅದು, ಅಲ್ವಾ? ಎಣಿಕೆಯನ್ನು ಮಗುವೇ ಜೋರಾಗಿ ಹೇಳಲಿ. ಪುಟ್ಟ ಬಕೆಟ್ ದಾರಿಯಲ್ಲೇ ಅರ್ಧ ಚೆಲ್ಲಿ ಹೋದರೂ ಅದನ್ನು ಒಂದು ಅಂತಲೇ ಲೆಕ್ಕ ಹಿಡಿಯಿರಿ. ಮೂರನೆಯದು ಸುರಿದ ಕೂಡಲೇ ನೀವು ಎದ್ದು ನಿಲ್ಲಲೇಬೇಕು. ಫೋನ್ ನೋಡುತ್ತ ಕೂತರೆ, ಇಲ್ಲವೇ ‘ಸರಿ, ಇನ್ನೊಂದು’ ಅಂದುಬಿಟ್ಟರೆ, ಮುಂದಿನ ಸಲ ಆ ಮಾತಿಗೆ ಬೆಲೆ ಇರುವುದಿಲ್ಲ. ಹೊಟ್ಟೆ ಹಸಿದಿದ್ದರೆ, ನಿದ್ದೆ ಬಂದಿದ್ದರೆ ಇದು ನಡೆಯುವುದಿಲ್ಲ. ಆಗ ಜಾಸ್ತಿ ಮಾತು ಬೇಡ, ಕೈಗೊಂದು ಬಾಳೆಹಣ್ಣು ಕೊಟ್ಟು ಸುಮ್ನೆ ಎತ್ತಿಕೊಂಡು ಹೊರಡಿ. ನೀರು ತುಂಬುವಾಗ ಪ್ರತಿ ಸಲವೂ ಮಗುವಿನ ಕೈ ಹಿಡಿದು ಜೊತೆಗೇ ಹೋಗಿ. ಮಳೆಗಾಲದಲ್ಲಂತೂ ಅಲೆಯ ಸೆಳೆತ ಜೋರು, ನೀರಿನ ಹತ್ತಿರ ಬಿಡಲೇಬೇಡಿ. ಒಣ ಮರಳಿನ ಮೇಲೆ ಹತ್ತು ಕಪ್ಪೆಚಿಪ್ಪು ಆರಿಸುವ ಕೆಲಸ ಕೊಟ್ಟರೂ ಸಾಕು, ಅದನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಮಗು ತಾನಾಗಿಯೇ ಮನೆಯತ್ತ ಹೆಜ್ಜೆ ಹಾಕುತ್ತದೆ.